ಮರಳಿಗೆ ಬರವಿಲ್ಲ, ಸಿಲಿಕಾನಿಗೆ ಬರ

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯ ಅರ್ಥವನ್ನು ಸೌರವಿದ್ಯುತ್ ಉದ್ಯಮವು ಒಮ್ಮೆ ಚೆನ್ನಾಗಿ ಅರಿತುಕೊಳ್ಳಬೇಕಾಯಿತು. ಭೂಮಿಯ ಹೊರಚಿಪ್ಪಿನ ತೂಕದಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಸಿಲಿಕಾನೇ ತುಂಬಿದೆ. ಆಮ್ಲಜನಕವೊಂದನ್ನುಳಿದು ಇಷ್ಟು ಹೇರಳವಾದ ಮೂಲವಸ್ತು ಅಲ್ಲಿ ಮತ್ತೊಂದಿಲ್ಲ. ಹೀಗಿದ್ದೂ 2004ರಿಂದ 2008ರವರೆಗೆ ಸೌರಕೋಶಗಳ ಕಾರ್ಖಾನೆಗಳು ಸಿಲಿಕಾನ್ ಸಾಲದೆ ಪರದಾಡಿದವು.

ಮರಳಿನಲ್ಲಿ ಸಿಲಿಕಾನ್ ಆಮ್ಲಜನಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದೇ ತೊಡಕಿನ ಮೂಲ. ಬೆಣಚುಕಲ್ಲನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿಟ್ಟು, ಸುಮಾರು 2000 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಸಿದಾಗ ಅದು ಬೇರ್ಪಡುತ್ತದೆ. ಆಗಲೂ ನೂರರಲ್ಲಿ ಒಂದೆರಡು ಪಾಲು ಕಲ್ಮಷ ಉಳಿದಿರುತ್ತದೆ; ಸೌರಕೋಶಕ್ಕೆ ಅಷ್ಟೂ ಸಲ್ಲದು. ಆದುದರಿಂದ ಅದನ್ನು ಸುಲಭವಾಗಿ ಆವಿಯಾಗುವ ದ್ರವವನ್ನಾಗಿ ಮಾರ್ಪಡಿಸಿ, ಬಟ್ಟಿಯಿಳಿಸಿ, ಕಾದ ಸರಳುಗಳ ಮೇಲೆ ಮತ್ತೆ ಪದರಪದರವಾಗಿ ಕೂರಿಸಬೇಕು. ಇದಕ್ಕೆ ತಗಲುವ ವಿದ್ಯುತ್ತು ಅಪಾರ.

ಅಮೆರಿಕದ ಬೆಲ್ ಪ್ರಯೋಗಶಾಲೆಯು 1954ರಲ್ಲಿ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿದ ಬಳಿಕ ಬಹುಕಾಲ ಈ ಉದ್ಯಮವು ಚಿಕ್ಕದಾಗಿಯೇ ಇತ್ತು. ಗಣಕಯಂತ್ರಗಳ ಬಿಡಿಭಾಗ ತಯಾರಿಸುವವರು ತಳ್ಳಿಹಾಕಿದ ಸಿಲಿಕಾನ್ ಚೂರುಗಳೇ ಅದಕ್ಕೆ ಸಾಕಾಗುತ್ತಿದ್ದವು. ದೊಡ್ಡ ಮನೆಯ ಔತಣದಲ್ಲಿ ಮಿಕ್ಕದ್ದರಿಂದ ಪಕ್ಕದ ಬಡಸಂಸಾರ ಸಾಗಿದಂತೆ! ಆದರೆ ಜರ್ಮನಿಯು 2000ದಲ್ಲಿ ಕಾನೂನು ಮಾಡಿ, ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ಕಾಲ ನಿಶ್ಚಿತ ಬೆಲೆ ದೊರೆಯುವಂತೆ ಮಾಡಿತು. 2004ರಲ್ಲಿ ಆ ಕಾನೂನಿಗೆ ಇನ್ನಷ್ಟು ಬಲ ಬಂದಿತು. ಮನೆಮನೆಯ ಮಾಡನ್ನೂ ಫಲಕಗಳು ಏರತೊಡಗಿದವು. ಚೂರುಪಾರುಗಳು ಮುಗಿದುಹೋದವು. ಹೊಸ ಶುದ್ಧೀಕರಣ ಕಾರ್ಖಾನೆಯನ್ನಾದರೋ ಒಂದೇ ವರ್ಷದಲ್ಲಿ ಕಟ್ಟಿ ನಿಲ್ಲಿಸುವಂತಿರಲಿಲ್ಲ. ಕಿಲೋಗ್ರಾಮಿಗೆ 30 ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 2008ರಲ್ಲಿ ಬಿಡಿ ಮಾರುಕಟ್ಟೆಯಲ್ಲಿ 400 ಡಾಲರನ್ನೂ ದಾಟಿತು.

ಬರಗಾಲವು ಮಿತವ್ಯಯವನ್ನು ಕಲಿಸಿತು. ಬಿಲ್ಲೆಗಳನ್ನು ತೆಳ್ಳಗೆ ಕೊಯ್ಯುವ, ಕೊಯ್ಯುವಾಗ ಪುಡಿಯಾಗಿ ಹೋಗುವುದನ್ನು ತಗ್ಗಿಸುವ ವಿಧಾನಗಳು ಬಂದವು. ಒಂದು ವಾಟ್ ಸಾಮರ್ಥ್ಯಕ್ಕೆ ಹಿಂದೆ 10 ಗ್ರಾಮಿಗೂ ಹೆಚ್ಚು ಸಿಲಿಕಾನ್ ಬೇಕಾಗುತ್ತಿತ್ತು. ಈಗ 3 ಗ್ರಾಮಿಗೂ ಕಡಿಮೆ ಸಾಕು. ಅಷ್ಟರಲ್ಲಿ ಹೊಸ ಕಾರ್ಖಾನೆಗಳೂ ಎದ್ದು ನಿಂತು, 2012ರ ಕೊನೆಗೆ ಬೆಲೆ 20 ಡಾಲರಿಗಿಂತ ಕೆಳಗಿಳಿಯಿತು. ದುಬಾರಿ ಬೆಲೆಗೆ ದೀರ್ಘಾವಧಿಯ ಕರಾರು ಮಾಡಿಕೊಂಡಿದ್ದವರು ಕೈಸುಟ್ಟುಕೊಂಡರು. 2021–22ರಲ್ಲಿ ಬೆಲೆ ಮತ್ತೆ ಏರಿ, ಅನಂತರ ಕುಸಿಯಿತು.

ಇಂದು ಜಗತ್ತಿನ ಶುದ್ಧ ಸಿಲಿಕಾನಿನಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಹೆಚ್ಚು ತಯಾರಾಗುವುದು ಚೀನಾದಲ್ಲಿ. ಪಾವಗಡದ ಬಿಸಿಲುನಾಡಿನಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರವನವೇ ಇದೆ. ಫಲಕ ಜೋಡಿಸುವ ಕಾರ್ಖಾನೆಗಳೂ ಭಾರತದಲ್ಲಿ ಹೆಚ್ಚುತ್ತಿವೆ. ಆದರೆ ಶುದ್ಧ ಸಿಲಿಕಾನಿಗಾಗಿ ದೇಶವು ಬಹುಮಟ್ಟಿಗೆ ಹೊರಗಿನವರ ಕಡೆಗೇ ನೋಡಬೇಕಾಗಿದೆ. ಬಿಸಿಲೂ ಮರಳೂ ಮನೆಯಂಗಳದಲ್ಲೇ ಇದ್ದರೆ ಸಾಲದು. ಅವೆರಡನ್ನೂ ಬೆಸೆಯುವ ಕುಲುಮೆಯೂ ಇರಬೇಕು.