ಕಂಪ್ಯೂಟರ್ ‘ಟಕ್ ಟಕ್’ ಎಂದರೆ

ಗಡಹಿಂಗ್ಲಜದ ನಮ್ಮ ಮನೆಗಳಲ್ಲಿ ಪ್ರಥಮ ಪರಮಪ್ರಸಾದದ ಫೋಟೋಗಳಿಂದ ಹಿಡಿದು ತೀರಿಹೋದ ಅಜ್ಜಿಯ ಮುಖದವರೆಗೆ ಎಲ್ಲವೂ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿವೆ. ಅದರೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆ ಇರುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಗೆ ತಾಗಿ ಓದಿದರೆ, ಇದರ ಹೆಡ್ ತಾಗದೆ ತೇಲುತ್ತಾ ಓದುತ್ತದೆ. ತಾಗಿತೋ, ಅಲ್ಲಿದ್ದದ್ದು ಕೆರೆದು ಹೋಯಿತು.

ಫೈಲ್ ತೆರೆಯಲು ತೀರಾ ತಡವಾದರೆ, ಪದೇ ಪದೇ ನೀಲಿ ಪರದೆ ಬಂದರೆ ಅನುಮಾನಿಸಿ. ಕೇಬಲ್ ಸಡಿಲವಾದರೂ ಹೀಗಾಗುವುದುಂಟು. ಪ್ಲಗ್ ಕಿತ್ತು ಅದನ್ನು ನೋಡಿ. ಸದ್ದಿಲ್ಲದಿದ್ದರೆ, ರಿಪೇರಿಗೆ ಮುನ್ನ ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ‘ಟಕ್ ಟಕ್’ ಸದ್ದು ಬಂತೆಂದರೆ ಕೂಡಲೇ ಆರಿಸಿ, ಮತ್ತೆ ಹಚ್ಚಬೇಡಿ. ಡಿಸ್ಕನ್ನು ಫ್ರಿಜ್ಜಿನಲ್ಲಿಡುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತು ಇನ್ನೂ ಅಪಾಯದ್ದು: ಡಿಸ್ಕ್ ಒಂದಿಷ್ಟು ದಿನ ನಡೆದೀತು, ಅಜ್ಜಿಯ ಫೋಟೋ ಉಳಿಯಲಾರದು. ಡಿಸ್ಕ್ ಬಿಚ್ಚಿ ಫೈಲು ತೆಗೆದುಕೊಡುವವರು ದೊಡ್ಡ ಊರುಗಳಲ್ಲಿದ್ದಾರೆ. ಖರ್ಚು ಹೊಸ ಡಿಸ್ಕಿಗಿಂತ ಬಹಳ ಹೆಚ್ಚು.

ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೇ ವಿಧಿಯಂತೆ ದೀಕ್ಷಾಸ್ನಾನ, ವಿವಾಹ, ಮರಣಗಳ ರಿಜಿಸ್ಟರು ಪ್ರತಿ ಧರ್ಮಕೇಂದ್ರದಲ್ಲೂ ಇರಬೇಕು. ಅವನ್ನು ಕಂಪ್ಯೂಟರಿಗೆ ಏರಿಸಿದವರು ಹಳೆಯ ಪುಸ್ತಕಗಳನ್ನು ಕಪಾಟಿನಲ್ಲೇ ಜೋಪಾನವಾಗಿಡಲಿ. ಮನೆಯ ಫೋಟೋಗಳ ಇನ್ನೊಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲಿರಲಿ.