ಕತ್ತರಿ ತರುವ ಮೊದಲು

ಕಳೆದ ವರ್ಷ ಕಾಲೇಜು ವಾರ್ಷಿಕೋತ್ಸವದ ಹಿಂದಿನ ಸಂಜೆ ಸ್ಟೋರ್ ರೂಮಿನಿಂದ ಸೀರಿಯಲ್ ಲೈಟಿನ ಸರ ಹೊರಗೆ ಬಂತು. ಸರ ಎನ್ನುವ ಹಾಗಿರಲಿಲ್ಲ, ಒಂದು ಮುದ್ದೆ. ನಾಲ್ಕೈದು ಮಂದಿ ನಾಲ್ಕೈದು ಕಡೆಯಿಂದ ಎಳೆದೆವು. ಎಳೆದಷ್ಟೂ ಬಿಗಿಯಾಯಿತು. ಕೊನೆಗೆ ಯಾರೋ ಕತ್ತರಿ ತಂದರು. ಎರಡು ಕಡೆ ಕತ್ತರಿಸಿ, ಯಾವ ವೈರಿಗೆ ಯಾವ ವೈರು ಎಂದು ತಿಳಿಯದೆ ಟೇಪು ಸುತ್ತಿ ಪ್ಲಗ್ ಹಾಕಿದರೆ ಒಂದು ಬಲ್ಬೂ ಹೊತ್ತಲಿಲ್ಲ. ಎಳೆದವರಲ್ಲಿ ನಾನೂ ಒಬ್ಬಳು. ಎಳೆಯಬಾರದು ಎಂದು ನನಗೆ ಗೊತ್ತಿತ್ತು. ಆದರೆ ಅದು ಮನೆಯಲ್ಲಿ ಕಲಿತ ವಿಷಯ, ಸೈನ್ಸ್ ಓದುವವರ ಮುಂದೆ ಅದನ್ನೇನು ಹೇಳುವುದು ಎಂದು ಸುಮ್ಮನಿದ್ದೆ.

ನಮ್ಮ ಅಮ್ಮಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ. ಅಷ್ಟುದ್ದದ ಎಳೆ ಬಿಸಿನೀರಿನಲ್ಲಿ ಸಿಕ್ಕಾಗದೆ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಹುಳು ತಲೆಯಾಡಿಸುತ್ತಾ ಇಂಗ್ಲಿಷಿನ ಎಂಟರ ಆಕಾರದಲ್ಲಿ ಅದನ್ನು ಪದರ ಪದರವಾಗಿ ಇಟ್ಟಿರುತ್ತದೆ. ನಾವು ಚಾರ್ಜರ್ ವೈರನ್ನು ಬೆರಳಿಗೆ ಒಂದೇ ದಿಕ್ಕಿನಲ್ಲಿ ಸುತ್ತಿ ಬ್ಯಾಗಿಗೆ ತುರುಕುತ್ತೇವೆ. ಮತ್ತೆ ಎಳೆದಾಗ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ. ಎಂಟರಂತೆ ಇಟ್ಟರೆ ಒಂದು ಕುಣಿಕೆಯ ತಿರುಚನ್ನು ಮುಂದಿನ ಕುಣಿಕೆ ಕಳೆದುಬಿಡುತ್ತದೆ. ಹುಳುವಿನ ಪದ್ಧತಿಯೇ ಮೇಲು.

ನೂಲಿನ ಲಡಿ ಸಿಕ್ಕಾದರೆ ಅಮ್ಮಿ ತುದಿ ಹಿಡಿದು ಎಳೆಯುವುದಿಲ್ಲ. ಮೊದಲು ಅಗಲ ಮಾಡುತ್ತಾರೆ, ಸಡಿಲ ಬಿಡುತ್ತಾರೆ. ಕೆಲವೊಮ್ಮೆ ಒಂದು ಕುಣಿಕೆಯನ್ನು ಇಡೀ ಲಡಿಯ ಮೇಲಿಂದ ಹಾಯಿಸಿ ಆಚೆ ಹಾಕುತ್ತಾರೆ. ನೋಡುವವರಿಗೆ ಸಿಕ್ಕು ಹೆಚ್ಚಾದಂತೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಬಿಟ್ಟುಕೊಳ್ಳುತ್ತದೆ.

ಇದರ ಬಗ್ಗೆ ಗಣಿತದಲ್ಲಿ ಒಂದು ಶಾಖೆಯೇ ಇದೆ ಎಂದು ನನಗೆ ಗೊತ್ತಾದದ್ದು ಈ ವರ್ಷ. ಫಸ್ಟ್ ಪಿಯುಸಿಯಲ್ಲಿ ಗಣಿತದಲ್ಲಿ ನಾನು ಹೇಗೋ ಪಾಸಾದವಳು. ಆರ್ಟ್ಸ್ ತೆಗೆದುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಮನೆಯಲ್ಲೂ ಹೊರಗೂ ಹೇಳಿಸಿಕೊಂಡಿದ್ದೇನೆ. ಹಾಗಾಗಿ ಗಂಟಿನ ಗಣಿತ ಎಂಬ ಮಾತು ಕೇಳಿದಾಗ ಮೊದಲು ನಗು ಬಂತು, ಆಮೇಲೆ ಬಿಡಲಾಗಲಿಲ್ಲ.

ಗಣಿತದವರು ಗಂಟು ಎನ್ನುವುದು ಎರಡೂ ತುದಿ ಒಂದಕ್ಕೊಂದು ಅಂಟಿಕೊಂಡ ದಾರಕ್ಕೆ. ತುದಿ ಬಿಡಿಯಾಗಿದ್ದರೆ ಯಾವ ಸಿಕ್ಕಾದರೂ ಬಿಚ್ಚಿಯೇ ಬಿಚ್ಚುತ್ತದೆ, ಆದ್ದರಿಂದ ಅವರ ಲೆಕ್ಕದಲ್ಲಿ ಅದು ಗಂಟೇ ಅಲ್ಲ. ನಮ್ಮ ಸೀರಿಯಲ್ ಲೈಟಿಗೂ ಎರಡು ತುದಿ ಇದ್ದವು! ಇದನ್ನೇ ತಿರುಗಿಸಿ ನೋಡಿ: ಗಂಟಿಲ್ಲದ ದಾರದ ಎರಡು ತುದಿಗಳನ್ನು ಜೋಡಿಸಿಬಿಟ್ಟರೆ, ಎಷ್ಟು ಅಲ್ಲಾಡಿಸಿದರೂ ಅದರಲ್ಲಿ ನಿಜವಾದ ಗಂಟು ಬೀಳಲಾರದು. ಇಯರ್‌ಫೋನಿನ ಪಿನ್ನನ್ನೂ ಕಿವಿಗೆ ಹಾಕುವ ತುದಿಯನ್ನೂ ಒಟ್ಟಿಗೆ ಕ್ಲಿಪ್ ಮಾಡಿ ಇಟ್ಟು ನೋಡಿ. ಗಂಟು ಹಾಕುವುದು ಅಲೆದಾಡುವ ತುದಿ.

2007ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಾಸ್ ಸ್ಮಿತ್ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಡಬ್ಬಿಯಲ್ಲಿ ದಾರ ಹಾಕಿ ತಿರುಗಿಸುವುದು, ಗಂಟು ಬಿತ್ತೇ ನೋಡುವುದು. ಹೀಗೆ 3,415 ಸಲ. 46 ಸೆಂಟಿಮೀಟರಿಗಿಂತ ಗಿಡ್ಡ ದಾರದಲ್ಲಿ ಗಂಟು ಬೀಳಲಿಲ್ಲ. ಉದ್ದ ಹೆಚ್ಚಿದಂತೆ ಕೆಲವೇ ಸೆಕೆಂಡುಗಳಲ್ಲಿ ಬಿದ್ದವು, 120 ಬಗೆಯವು. ಯಾವ ಗಂಟು ಯಾವುದು ಎಂದು ಅವರು ಗುರುತಿಸಿದ್ದು ಬಹುಪದೋಕ್ತಿಯಿಂದ. ಹೌದು, ಎಸ್ಸೆಸ್ಸೆಲ್ಸಿಯಲ್ಲಿ ನಾವು ಉರುಹೊಡೆದ ಅದೇ ಬಹುಪದೋಕ್ತಿಯ ದೂರದ ನೆಂಟ. ಒಂದು ಗಂಟಿನ ಚಿತ್ರದಿಂದ ಒಂದು ಬಹುಪದೋಕ್ತಿಯನ್ನು ಪಡೆಯುವ ದಾರಿಯನ್ನು 1984ರಲ್ಲಿ ವಾನ್ ಜೋನ್ಸ್ ಕಂಡುಹಿಡಿದಿದ್ದರು. ಬಹುಪದೋಕ್ತಿ ಬೇರೆಯಾದರೆ ಗಂಟೂ ಬೇರೆ.

ಇಷ್ಟೆಲ್ಲ ಬೇಡ, ಮೂರು ಬಣ್ಣದ ಸ್ಕೆಚ್ ಪೆನ್ ಸಾಕು. ದಾರದಲ್ಲಿ ಸಾಮಾನ್ಯ ಗಂಟು ಹಾಕಿ ತುದಿ ಅಂಟಿಸಿದರೆ ಬರುವುದು ಟ್ರೆಫಾಯಿಲ್. ಅದರ ಚಿತ್ರ ಬರೆಯಿರಿ. ದಾರ ಕೆಳಗೆ ಹೋಗುವಲ್ಲಿ ಗೆರೆ ಕಡಿಯಿರಿ. ಮೂರು ತುಂಡು ಗೆರೆಗಳಾಗುತ್ತವೆ. ದಾರ ದಾರವನ್ನು ದಾಟುವ ಪ್ರತಿ ಜಾಗದಲ್ಲೂ ಸೇರುವ ಮೂರು ಗೆರೆಗಳು ಒಂದೇ ಬಣ್ಣದವಾಗಿರಬೇಕು, ಇಲ್ಲವೇ ಮೂರೂ ಬೇರೆ ಬೇರೆ ಇರಬೇಕು. ಒಟ್ಟು ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಬಣ್ಣ ಇರಲೇಬೇಕು. ಟ್ರೆಫಾಯಿಲ್‌ಗೆ ಹೀಗೆ ಬಣ್ಣ ಹಚ್ಚಬಹುದು. ದಾರವನ್ನು ಹೇಗೆ ಸರಿಸಿದರೂ ಈ ಗುಣ ಹೋಗುವುದಿಲ್ಲ. ಸರಿಸುವ ಬಗೆಗಳೆಲ್ಲ ಮೂರೇ ಮೂರು ಚಲನೆಗಳಿಂದ ಆದವು ಎಂದು ಕರ್ಟ್ ರೈಡೆಮೈಸ್ಟರ್ 1927ರಲ್ಲೇ ತೋರಿಸಿದ್ದರಿಂದ, ಆ ಮೂರನ್ನು ಪರೀಕ್ಷಿಸಿದರೆ ಆಯಿತು. ಬರೀ ವೃತ್ತಕ್ಕೆ ಒಂದೇ ಗೆರೆ, ಒಂದೇ ಬಣ್ಣ. ಅಂದರೆ ಟ್ರೆಫಾಯಿಲ್ ಎಂದಿಗೂ ವೃತ್ತವಾಗದು. ನಾನು ಪರೀಕ್ಷೆಗಾಗಿ ಅಲ್ಲದೆ ಮೊದಲ ಸಲ ಪೂರ್ತಿ ಅರ್ಥಮಾಡಿಕೊಂಡ ಸಾಧನೆ ಇದು.

ಅಮ್ಮಿಯ ಆ ಕುಣಿಕೆ ಹಾಯಿಸುವ ವಿಷಯವೂ ಅಲ್ಲಿದೆ. ಕೆಲವು ಚಿತ್ರಗಳು ನಿಜದಲ್ಲಿ ಬರೀ ವೃತ್ತವೇ, ಆದರೆ ದಾಟುವ ಜಾಗಗಳನ್ನು ಮೊದಲು ಹೆಚ್ಚಿಸದೆ ಅವನ್ನು ಬಿಡಿಸಲು ಸಾಧ್ಯವೇ ಇಲ್ಲ.

ನಾನು ಇದನ್ನೆಲ್ಲ ಹೇಳಿದಾಗ ಗೆಳತಿಯರು ಕೇಳಿದ್ದು ಒಂದೇ: "ಸಿಇಟಿಗೆ ಬರತ್ತಾ?" ಬರುವುದಿಲ್ಲ. ನಮ್ಮ ಉಪನ್ಯಾಸಕರನ್ನು ನಾನು ದೂರುತ್ತಿಲ್ಲ. ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲು ಪೋರ್ಷನ್ ಮುಗಿಸುವ ಅವರ ಕಷ್ಟ ನಮಗೆ ಕಾಣುತ್ತದೆ. ಆದರೆ ಎರಡು ವರ್ಷ ಬರೀ ಕೇಳಬಹುದಾದ ಪ್ರಶ್ನೆಯನ್ನೇ ಓದಿದರೆ, ಗಣಿತ ಎಂದರೆ ಬೇರೆಯವರ ಪ್ರಶ್ನೆಗೆ ಬೇಗ ಉತ್ತರ ಬರೆಯುವುದು ಎಂದೇ ತಿಳಿಯುತ್ತೇವೆ. ನನ್ನಂತೆ ನಿಧಾನವಾಗಿ ಯೋಚಿಸುವವರು ತಮಗೆ ಗಣಿತ ಬರುವುದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ. ನಮ್ಮ ತರಗತಿಯಲ್ಲಿ ಹಾಗೆ ಬಿಟ್ಟವರು ಇದ್ದಾರೆ. ಅವರಲ್ಲಿ ಕೆಲವರ ಮನೆಯಲ್ಲಿ ನೂಲಿದೆ, ಕೆಲವರ ಮನೆಯಲ್ಲಿ ಹೊಲಿಗೆ ಯಂತ್ರವಿದೆ.

ಗಂಟುಗಳ ಹಳೆಯ ಪಟ್ಟಿಯಲ್ಲಿ ಬೇರೆ ಬೇರೆ ಎಂದು ಬರೆದಿದ್ದ ಎರಡು ಗಂಟುಗಳು ಒಂದೇ ಎಂದು 1974ರಲ್ಲಿ ತೋರಿಸಿದವರು ನ್ಯೂಯಾರ್ಕಿನ ಒಬ್ಬ ವಕೀಲರು, ಕೆನೆತ್ ಪರ್ಕೊ. ಅಷ್ಟು ದಶಕ ಪ್ರೊಫೆಸರುಗಳ ಕಣ್ಣಿಗೆ ಬಿದ್ದಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ತಿಂಗಳಿಗೊಂದು ಶನಿವಾರ ಕೊನೆಯ ಪೀರಿಯಡ್ಡು ಅಂಕವಿಲ್ಲದ, ಹಾಜರಾತಿ ಇಲ್ಲದ ಗಣಿತಕ್ಕೆ ಕೊಡಿ. ಆರ್ಟ್ಸ್, ಕಾಮರ್ಸಿನವರೂ ಬರಲಿ. ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇನೆ, ಸಹಿ ಹಾಕುವವರು ಲೈಬ್ರರಿಯಲ್ಲಿ ನನ್ನನ್ನು ಕಾಣಬಹುದು. ಮೊದಲ ವಾರಕ್ಕೆ ದಾರ ನಾನು ತರುತ್ತೇನೆ, ಸ್ಕೆಚ್ ಪೆನ್ ನೀವು ತನ್ನಿ. ಸ್ಟೋರ್ ರೂಮಿನಲ್ಲಿ ಆ ಸೀರಿಯಲ್ ಲೈಟಿನ ಉಳಿದ ಮುದ್ದೆಯೂ ಇನ್ನೂ ಹಾಗೇ ಇದೆ.