ಹಳೆಯ ಬ್ಯಾಟರಿಗೆ ಎರಡನೆಯ ಜನ್ಮ: ಜಾತಕ ಯಾರ ಬಳಿ?

ಎಚ್.ಡಿ. ಕೋಟೆಯಿಂದ ಬಾವಲಿ ಮಾರ್ಗವಾಗಿ ಕೇರಳದ ಮಾನಂದವಾಡಿಗೆ ಸಾಗುವ ಕಾಡುದಾರಿ ಸಂಜೆ 6ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ವನ್ಯಜೀವಿಗಳ ಹಿತದೃಷ್ಟಿಯ ಈ ನಿರ್ಬಂಧದಿಂದ, ತಡವಾಗಿ ಬಂದ ಪ್ರಯಾಣಿಕರು ಕಾಡಿನ ಈಚೆಗೇ ತಂಗಬೇಕಾಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಕೊಡಗಿಗೆ ಹೋಗುವವರು, ಕಬಿನಿ ಹಿನ್ನೀರಿಗೆ ಬರುವವರು ಸೇರಿ ಈ ಭಾಗದಲ್ಲಿ ಪ್ರವಾಸಿಗರಿಗೆ ಕೊರತೆಯಿಲ್ಲ. ಮಲಗುವ, ಅಡುಗೆ ಮಾಡುವ ಸೌಕರ್ಯವನ್ನು ವಾಹನದಲ್ಲೇ ಹೊಂದಿರುವ ಕ್ಯಾರವಾನ್ ಪ್ರವಾಸಕ್ಕೆ ರಾಜ್ಯದ 2020ರ ಪ್ರವಾಸೋದ್ಯಮ ನೀತಿಯೂ ಸ್ಥಾನ ನೀಡಿದೆ.

ಆದರೆ ಎಂಜಿನ್ ನಿಲ್ಲಿಸಿದ ಮೇಲೆ ದೀಪ, ಫ್ಯಾನು, ಫ್ರಿಜ್ಜುಗಳಿಗೆ ವಿದ್ಯುತ್ ಎಲ್ಲಿಂದ? ಕಾಡಂಚಿನ ನೀರವದಲ್ಲಿ ಜನರೇಟರ್ ಗದ್ದಲ ಸಲ್ಲದು. ಈ ಹಿನ್ನೆಲೆಯಲ್ಲಿಯೇ, ವಿದ್ಯುತ್ ಕಾರುಗಳಿಂದ ಕಳಚಿದ ಬ್ಯಾಟರಿಗಳನ್ನು ವ್ಯಾನುಗಳಿಗೆ ಅಳವಡಿಸುವ ವಿಚಾರ ಗಮನ ಸೆಳೆಯುತ್ತಿದೆ. ವಿದೇಶಗಳಲ್ಲಿ ಹವ್ಯಾಸಿಗಳು ಇದನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ.

ಲೆಕ್ಕ ಸರಿಯಾಗಿಯೇ ಇದೆ

ಕಾರಿನ ಬ್ಯಾಟರಿ ಮೂಲ ಸಾಮರ್ಥ್ಯದ ಶೇ 70ರಿಂದ 80ಕ್ಕೆ ಇಳಿದಾಗ ಓಟಕ್ಕೆ ಅನನುಕೂಲವೆನಿಸುತ್ತದೆ. ಆದರೆ ಅದು ಸತ್ತಿರುವುದಿಲ್ಲ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್ ವಿದ್ಯುತ್ ಹಿಡಿಯುವಂಥದು. ಶೇ 70ಕ್ಕೆ ಕುಸಿದರೂ ಅದರಲ್ಲಿ 21 ಯೂನಿಟ್ ಉಳಿಯುತ್ತದೆ. ವ್ಯಾನಿನ ಸಣ್ಣ ಫ್ರಿಜ್ಜು, ಎರಡು ಫ್ಯಾನು, ದೀಪ ಮತ್ತು ಮೊಬೈಲುಗಳಿಗೆ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಸಾಕು. ಅಂದರೆ ಇಂಥ ಬ್ಯಾಟರಿಯ ಕಾಲು ಭಾಗವೇ ಎರಡು ರಾತ್ರಿಗೆ ಧಾರಾಳ.

ಮನೆಗಳ ಯುಪಿಎಸ್‌ನಲ್ಲಿರುವ 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯದು ಕಾಗದದ ಮೇಲೆ 1.8 ಯೂನಿಟ್. ಅದು ಬೇಗ ಹಾಳಾಗಬಾರದೆಂದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಐದು ಯೂನಿಟ್ಟಿಗೆ ಅಂಥ ಐದಾರು ಬ್ಯಾಟರಿ ಹೊರಬೇಕಾದರೆ ವ್ಯಾನಿನ ಗತಿಯೇನು?

ಗ್ಯಾರೇಜಿನ ಗಂಡಾಂತರ

ತೊಡಕು ಇರುವುದು ಕಳಚುವ ಕೆಲಸದಲ್ಲಿ. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಮೆಕ್ಯಾನಿಕ್‌ಗಳ ಕೈ ಪಳಗಿರುವುದು ಟ್ರ್ಯಾಕ್ಟರ್, ಯುಪಿಎಸ್ ಮತ್ತು ಆನೆ ತಡೆಯುವ ಸೋಲಾರ್ ಬೇಲಿಯ 12 ವೋಲ್ಟ್ ಬ್ಯಾಟರಿಗಳಲ್ಲಿ. ಅದರ ತುದಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಕಾರಿನ ಬ್ಯಾಟರಿಯಲ್ಲಿರುವುದು 300 ವೋಲ್ಟಿಗೂ ಮೀರಿದ ನೇರ ವಿದ್ಯುತ್; ಮೈಮರೆತರೆ ಪ್ರಾಣವೇ ಹೋದೀತು. ಪ್ರತಿ ಕೋಶದ ವೋಲ್ಟೇಜು, ಶಾಖಗಳ ಮೇಲೆ ಕಣ್ಣಿಡುವ ನಿಯಂತ್ರಣ ವ್ಯವಸ್ಥೆಯನ್ನು ಬಿಟ್ಟು ಕೋಶಗಳನ್ನಷ್ಟೇ ಜೋಡಿಸಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡ ಬಳಿಕ ಕೇಂದ್ರ ಸರ್ಕಾರ ಹೊಸ ಬ್ಯಾಟರಿಗಳ ಸುರಕ್ಷಾ ಮಾನದಂಡಗಳನ್ನು ಬಿಗಿಗೊಳಿಸಬೇಕಾಯಿತು. ಮಲಗುವ ಹಾಸಿಗೆಯ ಕೆಳಗಿಡುವ ಹಳೆಯ ಬ್ಯಾಟರಿಗೆ ಅದಕ್ಕಿಂತ ಕಡಿಮೆ ಎಚ್ಚರ ಸಾಲದು.

ಇದರ ಜೊತೆಗೆ ಕಾನೂನಿನ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನದ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ನೋಂದಣಿ ಪತ್ರದಲ್ಲಿ ದಾಖಲಾಗದ ಮಾರ್ಪಾಡು ಅಪಘಾತದ ದಿನ ವಿಮೆಯ ಪರಿಹಾರಕ್ಕೇ ಅಡ್ಡಿಯಾಗಬಹುದು.

ಬೆಂಗಳೂರಿನ ಪಾಠ

ಹಾಗೆಂದು ಮರುಬಳಕೆ ಅಸಾಧ್ಯವೇನಲ್ಲ. ಬೆಂಗಳೂರು ಮತ್ತು ಬರ್ಲಿನ್‌ಗಳಲ್ಲಿ ನೆಲೆಯುಳ್ಳ ‘ನುನಾಮ್’ ಸಂಸ್ಥೆ, ಔಡಿ ಕಂಪನಿಯ ಪರೀಕ್ಷಾರ್ಥ ಕಾರುಗಳ ಬ್ಯಾಟರಿಗಳನ್ನು ಬಳಸಿ ಮೂರು ವಿದ್ಯುತ್ ರಿಕ್ಷಾಗಳನ್ನು ರೂಪಿಸಿದ್ದನ್ನು 2022ರಲ್ಲಿ ಪ್ರಕಟಿಸಿತು. ಹಗಲು ಸೌರಶಕ್ತಿ ಸಂಗ್ರಹಿಸಿ ಸಂಜೆ ರಿಕ್ಷಾಗಳಿಗೆ ತುಂಬುವುದಕ್ಕೂ ಹಳೆಯ ಬ್ಯಾಟರಿಯನ್ನೇ ಇಡುವ ಯೋಜನೆ ಅದು. ಗಮನಿಸಬೇಕಾದ ಅಂಶವೆಂದರೆ, ಆ ಬ್ಯಾಟರಿಗಳ ಪೂರ್ವಾಪರ ತಯಾರಕರಿಗೆ ಗೊತ್ತಿತ್ತು. ಅಪಘಾತದ ಕಾರಿನೊಂದಿಗೆ ಗುಜರಿಗೆ ಬಂದು ಬೀಳುವ ಬ್ಯಾಟರಿಗೆ ಆ ಭಾಗ್ಯವಿಲ್ಲ. ಅದು ನೀರಿನಲ್ಲಿ ಮುಳುಗಿತ್ತೇ, ಪೆಟ್ಟು ತಿಂದಿತ್ತೇ, ಎಷ್ಟು ಸಲ ಚಾರ್ಜ್ ಆಗಿತ್ತು ಎಂಬುದನ್ನು ಕೊಳ್ಳುವವನಿಗೆ ಹೇಳುವವರಿಲ್ಲ.

ಈ ಕೊರತೆ ತುಂಬಲೆಂದೇ ಐರೋಪ್ಯ ಒಕ್ಕೂಟ 2023ರ ತನ್ನ ನಿಯಮದಲ್ಲಿ, 2027ರ ಫೆಬ್ರವರಿ 18ರಿಂದ ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕೆಂದು ವಿಧಿಸಿದೆ. ಭಾರತದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಲ್ಲಿ ಜಾರಿಗೆ ಬಂದಿವೆ. ಬಳಸಿದ ಬ್ಯಾಟರಿಯ ಸಂಗ್ರಹ ಮತ್ತು ವಿಲೇವಾರಿಯ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ನೆಲಭರ್ತಿಗೆ ಸುರಿಯುವುದನ್ನೂ ಸುಡುವುದನ್ನೂ ನಿಷೇಧಿಸಿವೆ. ನವೀಕರಿಸಿ ಮರುಬಳಸುವುದಕ್ಕೂ ಅಲ್ಲಿ ಅವಕಾಶವಿದೆ. ಆದರೆ ನಿಯಮದ ಫಲ ಕಾಣಬೇಕಾದದ್ದು ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಿ.

ಇನ್ನೂ ಸಮಯವಿದೆ. ನೆಕ್ಸಾನ್‌ನ ಮೊದಲ ಕಾರುಗಳ ಬ್ಯಾಟರಿಗೆ ಕೊಟ್ಟಿರುವ ಎಂಟು ವರ್ಷದ ವಾರಂಟಿ ಮುಗಿಯುವುದು 2028ರಲ್ಲಿ. ಹಳೆಯ ಬ್ಯಾಟರಿಗಳ ದೊಡ್ಡ ಅಲೆ ಅಲ್ಲಿಂದಾಚೆಗೆ ಬರಲಿದೆ. ಅಷ್ಟರೊಳಗೆ ತಾಲ್ಲೂಕು ಮಟ್ಟದ ಐಟಿಐಗಳಲ್ಲಿ ಅಧಿಕ ವೋಲ್ಟೇಜಿನ ತರಬೇತಿ ಸಿಗಬೇಕು. ಹಳೆಯ ಬ್ಯಾಟರಿಯನ್ನು ಪರೀಕ್ಷಿಸಿ, ಉಳಿದ ಸಾಮರ್ಥ್ಯವನ್ನು ಬರೆದುಕೊಡುವ ಕೇಂದ್ರವೊಂದು ಮೈಸೂರಿನಲ್ಲಾದರೂ ಬೇಕು. ಅಪಘಾತದ ಕಾರುಗಳನ್ನು ಹರಾಜು ಹಾಕುವವರು ಬ್ಯಾಟರಿಯ ದಾಖಲೆಯನ್ನೂ ಜೊತೆಗೇ ಕೊಡಬೇಕು.

ಇಷ್ಟಾದರೆ ಪ್ರವಾಸಿ ವ್ಯಾನು ಮಾತ್ರವಲ್ಲ, ಕಾಡಂಚಿನ ರೈತನ ಸೋಲಾರ್ ಬೇಲಿಗೂ ಅಗ್ಗದ ಆಸರೆ ಸಿಕ್ಕೀತು. ಆಗದಿದ್ದರೆ ಇನ್ನೂ ಮುಕ್ಕಾಲು ಜೀವವಿರುವ ಬ್ಯಾಟರಿ ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಹೋಗುತ್ತದೆ. ಅದನ್ನು ಒಡೆಯುವವನ ಕೈಗೆ ಆಗ ರಕ್ಷಣೆಯೂ ಇರುವುದಿಲ್ಲ.